ಇತಿಹಾಸಕಾರನೂ ಸಂಪಾದಕನೂ ಆಗಿದ್ದವನ ಜೀವನಚರಿತ್ರೆ ಬರೆಯುವ ಕ್ರಮ: ಜೇಮ್ಸ್ ಆಂಟನಿ ಫ್ರೂಡ್‌ನ ನಿದರ್ಶನ

ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದ (1837–1901) ಇಂಗ್ಲೆಂಡಿನಲ್ಲಿ ಇತಿಹಾಸ ಬರೆಯುವವನೂ ಪತ್ರಿಕೆಗೆ ಬರೆಯುವವನೂ ಅನೇಕ ವೇಳೆ ಒಬ್ಬನೇ ಆಗಿರುತ್ತಿದ್ದ. ಇತಿಹಾಸವನ್ನು ಕಲಿಸಿ ಜೀವನ ಸಾಗಿಸಬಹುದಾದ ಹುದ್ದೆಗಳು ವಿಶ್ವವಿದ್ಯಾಲಯಗಳಲ್ಲಿ ತೀರ ಕಡಿಮೆ ಇದ್ದವು. ಈ ವಿಷಯಕ್ಕೆಂದೇ ಮೀಸಲಾದ ‘ಇಂಗ್ಲಿಷ್ ಹಿಸ್ಟಾರಿಕಲ್ ರಿವ್ಯೂ’ ಆರಂಭವಾದದ್ದು 1886ರಲ್ಲಿ. ಅಲ್ಲಿಯವರೆಗೆ ಹದಿನಾರನೆಯ ಶತಮಾನದ ದೊರೆ ಎಂಟನೆಯ ಹೆನ್ರಿಯ ನ್ಯಾಯಾನ್ಯಾಯಗಳಾಗಲಿ, ಐರ್ಲೆಂಡಿನ ಪ್ರಶ್ನೆಯಾಗಲಿ ಚರ್ಚೆಗೆ ಬಂದದ್ದು ಮಾಸಿಕ, ತ್ರೈಮಾಸಿಕ ಮತ್ತು ವಾರಪತ್ರಿಕೆಗಳ ಪುಟಗಳಲ್ಲಿ, ಅದೂ ಬಹುಪಾಲು ಲೇಖಕನ ಹೆಸರಿಲ್ಲದೆ. ಅಂಥ ಒಬ್ಬನ ಜೀವನಚರಿತ್ರೆ ಬರೆಯಲು ಹೊರಟವರು ಅವನ ಹೆಸರು ಹೊತ್ತ ಪುಸ್ತಕಗಳನ್ನು ಮಾತ್ರ ಓದಿದರೆ ಅವನ ಅರ್ಧ ಬದುಕು ಕೈತಪ್ಪುತ್ತದೆ. ಅವನ ವಿರೋಧಿಗಳ ಮಾತನ್ನು ಪರೀಕ್ಷಿಸದೆ ನಂಬಿದರೆ ಉಳಿದರ್ಧವೂ ಕೆಡುತ್ತದೆ. ಈ ಎರಡು ತಪ್ಪುಗಳಿಂದ ತಪ್ಪಿಸಿಕೊಳ್ಳುವ ಕ್ರಮವನ್ನು ಜೇಮ್ಸ್ ಆಂಟನಿ ಫ್ರೂಡ್‌ನ (1818–1894) ನಿದರ್ಶನದ ಮೂಲಕ ಇಲ್ಲಿ ವಿವರಿಸಲಾಗಿದೆ. ಹನ್ನೆರಡು ಸಂಪುಟಗಳ ಇಂಗ್ಲೆಂಡ್ ಇತಿಹಾಸವನ್ನು ಬರೆದವನು, ಹದಿನಾಲ್ಕು ವರ್ಷ ‘ಫ್ರೇಸರ್ಸ್ ಮ್ಯಾಗಜೀನ್’ ಮಾಸಿಕವನ್ನು ಸಂಪಾದಿಸಿದವನು, ಬದುಕಿರುವಾಗಲೂ ಸತ್ತ ಮೇಲೂ ಕಟುವಾದ ಟೀಕೆಗೆ ಗುರಿಯಾದವನು ಆತ. ಕಲಿಯುವವರಿಗೆ ಇಷ್ಟು ಒಳ್ಳೆಯ ನಿದರ್ಶನ ಸುಲಭವಾಗಿ ಸಿಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಮೊದಲು ಕಾಲಪಟ್ಟಿ

ಬರವಣಿಗೆಗೆ ಕೈಹಾಕುವ ಮುನ್ನ ಅಗಲವಾದ ಹಾಳೆಯ ಮೇಲೆ ವರ್ಷವಾರು ಪಟ್ಟಿಯೊಂದನ್ನು ಮಾಡಿಕೊಳ್ಳಬೇಕು. ಅದರಲ್ಲಿ ಮೂರು ಅಂಕಣಗಳಿರಲಿ: ಮನೆಯ ಸಂಗತಿಗಳಿಗೆ ಒಂದು, ಪುಸ್ತಕಗಳಿಗೆ ಒಂದು, ಪತ್ರಿಕೆಯ ಕೆಲಸಕ್ಕೆ ಒಂದು. ಬಿಡಿಬಿಡಿಯಾಗಿ ಓದಿದಾಗ ಕಾಣದ ಎಷ್ಟೋ ಸಂಗತಿಗಳು ಈ ಮೂರನ್ನು ಅಕ್ಕಪಕ್ಕ ಇಟ್ಟಾಗ ಕಾಣುತ್ತವೆ. ಫ್ರೂಡ್‌ನ ಪಟ್ಟಿಯಲ್ಲಿ 1860ರ ಸಾಲನ್ನು ನೋಡಿ. ಆ ವರ್ಷ ಅವನ ಮೊದಲ ಹೆಂಡತಿ ಷಾರ್ಲಟ್ ತೀರಿಕೊಂಡಳು. 1856ರಲ್ಲಿ ಪ್ರಕಟವಾಗತೊಡಗಿದ್ದ ಇತಿಹಾಸದ ಕೆಲಸ ಅರ್ಧ ದಾರಿಯಲ್ಲಿತ್ತು. ಫ್ರೇಸರ್ಸ್ ಪತ್ರಿಕೆಯನ್ನು ನಡೆಸುತ್ತಿದ್ದ, ಅದರ ಪ್ರಕಾಶಕ ಪಾರ್ಕರನ ಮಗ ಕಿರಿಯ ಪಾರ್ಕರ್ ಸತ್ತದ್ದರಿಂದ ಸಂಪಾದಕತ್ವವೂ ಅವನ ಹೆಗಲೇರಿತು. 1874ರ ಸಾಲೂ ಹೀಗೆಯೇ ಇದೆ: ಎರಡನೆಯ ಹೆಂಡತಿ ಹೆನ್ರಿಯೆಟಾಳ ಸಾವು, ಸಂಪಾದಕತ್ವದ ಮುಕ್ತಾಯ, ವಸಾಹತು ಮಂತ್ರಿ ಲಾರ್ಡ್ ಕಾರ್ನಾರ್ವನ್‌ನ ಕೋರಿಕೆಯಂತೆ ದಕ್ಷಿಣ ಆಫ್ರಿಕಾಕ್ಕೆ ಪ್ರಯಾಣ. ಆದರೆ ಒಂದೇ ವರ್ಷದಲ್ಲಿ ನಡೆದವೆಂಬ ಮಾತ್ರಕ್ಕೆ ಒಂದು ಘಟನೆಯನ್ನು ಇನ್ನೊಂದರ ಕಾರಣವೆಂದು ಬರೆಯಲಾಗದು. ಪಟ್ಟಿ ಪ್ರಶ್ನೆಗಳನ್ನು ಎತ್ತಿಕೊಡುತ್ತದೆ, ಉತ್ತರವನ್ನು ಪತ್ರಗಳಲ್ಲಿಯೇ ಹುಡುಕಬೇಕು.

ಸರಕಾರಿ ದಾಖಲೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಇಂಗ್ಲೆಂಡಿನಲ್ಲಿ ಜನನ, ಮರಣ, ವಿವಾಹಗಳ ನಾಗರಿಕ ನೋಂದಣಿ ಶುರುವಾದದ್ದು 1837ರ ಜುಲೈನಲ್ಲಿ. ಅದಕ್ಕೂ ಹಿಂದೆ ಹುಟ್ಟಿದವರಿಗೆ ಚರ್ಚಿನ ದಫ್ತರವೇ ಗತಿ. ಮನೆಮಂದಿಯ ಹೆಸರುಗಳಿರುವ ಜನಗಣತಿ 1841ರಿಂದ ಹತ್ತು ವರ್ಷಕ್ಕೊಮ್ಮೆ ಸಿಗುತ್ತದೆ. ಆದರೆ 1841ರ ಗಣತಿಯಲ್ಲಿ ವಯಸ್ಕರ ವಯಸ್ಸನ್ನು ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆಯುತ್ತಿದ್ದುದರಿಂದ ಅದನ್ನು ನಂಬಿ ಹುಟ್ಟಿದ ವರ್ಷವನ್ನು ಲೆಕ್ಕ ಹಾಕಬಾರದು. 1858ರಿಂದೀಚಿನ ಉಯಿಲುಗಳ ವಾರ್ಷಿಕ ಸೂಚಿ ಇಡೀ ದೇಶಕ್ಕೆ ಒಂದೇ ಕಡೆ ದೊರೆಯುತ್ತದೆ. ಬ್ರಿಟನ್ನಿನ ಗಣ್ಯರ ಜೀವನಕೋಶವಾದ ‘ಡಿಕ್ಷನರಿ ಆಫ್ ನ್ಯಾಷನಲ್ ಬಯಾಗ್ರಫಿ’ಯನ್ನು ತೆರೆಯುವವರಿಗೆ ಒಂದು ಸೂಚನೆ: ಅದರಲ್ಲಿ ಬದುಕಿರುವವರಿಗೆ ಜಾಗವಿರಲಿಲ್ಲ, ಫ್ರೂಡ್‌ನ ಹೆಸರು ಬರಬೇಕಾಗಿದ್ದ ಸಂಪುಟ 1889ರಲ್ಲೇ ಹೊರಬಂದಿತ್ತು. ಆದ್ದರಿಂದ ಅವನನ್ನು 1901ರ ಪುರವಣಿಯಲ್ಲಿ ಹುಡುಕಬೇಕು.

ಬಾಲ್ಯವನ್ನು ಬರೆಯುವಾಗ

ಫ್ರೂಡ್ ಹುಟ್ಟಿದ್ದು 1818ರ ಏಪ್ರಿಲ್ 23ರಂದು, ಡೆವನ್ ಪ್ರಾಂತ್ಯದ ಡಾರ್ಟಿಂಗ್ಟನ್ನಿನಲ್ಲಿ. ತಂದೆ ಟಾಟ್ನೆಸ್‌ನ ಆರ್ಚ್‌ಡೀಕನ್, ಅಂದರೆ ಬಿಷಪ್ಪನ ಕೈಕೆಳಗಿನ ಹಿರಿಯ ಪಾದ್ರಿ. ಹಿರಿಯಣ್ಣ ಹರೆಲ್ ಇಂಗ್ಲೆಂಡಿನ ಚರ್ಚನ್ನು ಹಳೆಯ ಕ್ಯಾಥೊಲಿಕ್ ಸಂಪ್ರದಾಯದತ್ತ ಒಯ್ಯಬಯಸಿದ ಆಕ್ಸ್‌ಫರ್ಡ್ ಚಳವಳಿಯ ಮುಂದಾಳುಗಳಲ್ಲಿ ಒಬ್ಬ. ಇನ್ನೊಬ್ಬ ಅಣ್ಣ ವಿಲಿಯಂ ಹಡಗುಗಳ ಮಾದರಿಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು ಪರೀಕ್ಷಿಸುವ ವಿಧಾನದಿಂದ ಹೆಸರಾದ ಎಂಜಿನಿಯರ್. ತಾಯಿ ಬೇಗ ತೀರಿಕೊಂಡದ್ದು, ತಂದೆಯ ಮತ್ತು ಹರೆಲ್‌ನ ಕಠೋರತೆ, ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ದೊಡ್ಡ ಹುಡುಗರಿಂದ ಪಟ್ಟ ಹಿಂಸೆ, ಇವೆಲ್ಲ ನಮಗೆ ತಿಳಿದಿರುವುದು ಮುಖ್ಯವಾಗಿ ಫ್ರೂಡ್ ತನ್ನ ಮುಪ್ಪಿನಲ್ಲಿ ಬರೆದಿಟ್ಟ ಅಪೂರ್ಣ ಆತ್ಮಕಥನದಿಂದ. ಅದು ಅಚ್ಚಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅರವತ್ತು ವರ್ಷಗಳ ಹಿಂದಿನ ನೋವನ್ನು ನೆನೆದು ಬರೆದ ಮಾತು ಆ ನೋವು ಎಷ್ಟು ಆಳಕ್ಕೆ ಇಳಿದಿತ್ತು ಎಂಬುದಕ್ಕೆ ಬಲವಾದ ಸಾಕ್ಷಿ, ಯಾವ ದಿನ ಯಾರು ಏನು ಮಾಡಿದರು ಎಂಬುದಕ್ಕೆ ಅಷ್ಟೇ ಬಲವಾದ ಸಾಕ್ಷಿಯಲ್ಲ. ಅಂಥ ಮೂಲದಿಂದ ತೆಗೆದುಕೊಂಡ ಪ್ರತಿ ಸಂಗತಿಯನ್ನೂ ‘ಅವನ ನೆನಪಿನಂತೆ’ ಎಂಬ ಮಾತಿನೊಡನೆ ಬರೆಯುವುದು ಒಳ್ಳೆಯ ರೂಢಿ.

ಕಾದಂಬರಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಫ್ರೂಡ್ 1847ರಲ್ಲಿ ‘ಝೀಟಾ’ ಎಂಬ ಗುಪ್ತನಾಮದಿಂದ ‘ಷ್ಯಾಡೋಸ್ ಆಫ್ ದ ಕ್ಲೌಡ್ಸ್’ ಎಂಬ ಕಥಾಪುಸ್ತಕವನ್ನೂ, 1849ರಲ್ಲಿ ಸ್ವಂತ ಹೆಸರಿನಿಂದ ‘ದ ನೆಮೆಸಿಸ್ ಆಫ್ ಫೇತ್’ ಎಂಬ, ಪಾದ್ರಿಯೊಬ್ಬ ತನ್ನ ನಂಬಿಕೆಯನ್ನು ಕಳೆದುಕೊಳ್ಳುವ ಕಾದಂಬರಿಯನ್ನೂ ಪ್ರಕಟಿಸಿದ. ಎರಡರಲ್ಲೂ ಅವನ ಬದುಕಿನ ನೆರಳಿದೆ. ಹಾಗೆಂದು ನಾಯಕನ ಬಾಯಿಂದ ಬಂದ ಪ್ರತಿ ಮಾತನ್ನೂ ಲೇಖಕನ ದಿನಚರಿಯಂತೆ ಉದ್ಧರಿಸಿದರೆ ಜೀವನಚರಿತ್ರೆಯೂ ಕಾದಂಬರಿಯಾಗಿಬಿಡುತ್ತದೆ.

ಪ್ರಸಿದ್ಧ ಘಟನೆಯನ್ನು ಅದರ ನಿಜವಾದ ಅಳತೆಗೆ ತರುವುದು

ಪ್ರತಿಯೊಬ್ಬನ ಬದುಕಿನಲ್ಲೂ ಎಲ್ಲರೂ ಹೇಳುವ ಒಂದು ಕಥೆ ಇರುತ್ತದೆ, ಹೇಳಿದಷ್ಟೂ ಅದು ಬೆಳೆಯುತ್ತದೆ. ಫ್ರೂಡ್‌ನ ವಿಷಯದಲ್ಲಿ ಅದು ಪುಸ್ತಕದಹನದ ಕಥೆ. 1849ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನ ಅಧ್ಯಾಪಕ ವಿಲಿಯಂ ಸ್ಯೂಯೆಲ್ ತನ್ನ ಪಾಠದ ಹೊತ್ತಿನಲ್ಲಿ ವಿದ್ಯಾರ್ಥಿಯೊಬ್ಬನ ಬಳಿಯಿದ್ದ ‘ನೆಮೆಸಿಸ್’ ಪ್ರತಿಯನ್ನು ಕಿತ್ತು ಬೆಂಕಿಗೆ ಹಾಕಿದ. ನಡೆದದ್ದು ಇಷ್ಟು. ಹೇಳುತ್ತ ಹೇಳುತ್ತ ಅದು ವಿಶ್ವವಿದ್ಯಾಲಯವೇ ಬಹಿರಂಗವಾಗಿ ಪುಸ್ತಕವನ್ನು ಸುಡಿಸಿತು ಎಂಬಲ್ಲಿಗೆ ಮುಟ್ಟಿತು. ಅಂಥ ಕಥೆ ಎದುರಾದಾಗ ಕಣ್ಣಾರೆ ಕಂಡವರ ಹೇಳಿಕೆ, ಅದೇ ವಾರದ ಪತ್ರ ಅಥವಾ ವರದಿ, ವರ್ಷಗಳ ಬಳಿಕದ ನೆನಪು, ಇತರರಿಂದ ಕೇಳಿ ಬರೆದದ್ದು ಎಂಬ ನಾಲ್ಕು ಬಗೆಗಳನ್ನು ಬೇರೆ ಬೇರೆ ಇಟ್ಟು, ಯಾವ ವಿವರ ಯಾವ ಹಂತದಲ್ಲಿ ಸೇರಿಕೊಂಡಿತು ಎಂದು ಗುರುತಿಸಬೇಕು.

ಇದಕ್ಕಿಂತ ಮುಖ್ಯವಾದದ್ದು ಆ ಘಟನೆಯ ಪರಿಣಾಮಗಳು. ಬೆಂಕಿಯ ಬೆಳಕಿನಲ್ಲಿ ಅವು ಮರೆಯಾಗುತ್ತವೆ. ಫ್ರೂಡ್ ಅದೇ ಕಾಲೇಜಿನ ತನ್ನ ಫೆಲೋಷಿಪ್ಪಿಗೆ, ಅಂದರೆ ವೇತನವಿದ್ದ ವಿದ್ವಾಂಸನ ಹುದ್ದೆಗೆ, ರಾಜೀನಾಮೆ ಕೊಟ್ಟ. ಟಾಸ್ಮೇನಿಯಾದ ಹೋಬರ್ಟಿನಲ್ಲಿ ಸಿಗಲಿದ್ದ ಮುಖ್ಯೋಪಾಧ್ಯಾಯನ ಕೆಲಸವೂ ತಪ್ಪಿಹೋಯಿತು. 1845ರಲ್ಲಿ ಪಾದ್ರಿತನದ ಮೊದಲ ಮೆಟ್ಟಿಲಾದ ಡೀಕನ್ ಪದವಿಯ ಧರ್ಮದೀಕ್ಷೆ ಪಡೆದಿದ್ದವನಿಗೆ ಅಂದಿನ ಕಾನೂನಿನಂತೆ ವಕೀಲಿಯೇ ಮೊದಲಾದ ವೃತ್ತಿಗಳ ಬಾಗಿಲು ಮುಚ್ಚಿತ್ತು. 1870ರ ಕಾಯ್ದೆ ದಾರಿ ಮಾಡಿಕೊಟ್ಟ ಮೇಲೆ, 1872ರಲ್ಲಿ ಅವನು ಆ ದೀಕ್ಷೆಯನ್ನು ವಿಧಿಪೂರ್ವಕವಾಗಿ ಬಿಟ್ಟ. ಮಧ್ಯದ ಇಪ್ಪತ್ತಕ್ಕೂ ಹೆಚ್ಚು ವರ್ಷ ಅವನ ಕೈಗೆ ಉಳಿದ ಜೀವನೋಪಾಯ ಮುಖ್ಯವಾಗಿ ಲೇಖನಿ. ಫ್ರೂಡ್ ಪತ್ರಿಕೆಗಳಿಗೆ ಬರೆಯುವವನಾದದ್ದು ಏಕೆ ಎಂಬ ಪ್ರಶ್ನೆಗೆ ಸ್ವಭಾವದಲ್ಲಿ ಉತ್ತರ ಹುಡುಕುವ ಮೊದಲು ಈ ಕಾನೂನಿನಲ್ಲಿ ಹುಡುಕಬೇಕು. ಪತ್ರಕರ್ತರ ಬದುಕನ್ನು ಬರೆಯುವವರು ಈ ಬಗೆಯ ಕಟ್ಟುಪಾಡುಗಳನ್ನು ಲಕ್ಷ್ಯಕ್ಕೆ ತಂದುಕೊಳ್ಳದಿರುವುದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ.

ಹೆಸರಿಲ್ಲದ ಬರಹಗಳ ಕರ್ತೃವನ್ನು ಗುರುತಿಸುವುದು

ಇಡೀ ಕೆಲಸದಲ್ಲಿ ಅತಿ ಕಷ್ಟದ ಮತ್ತು ಅತಿ ಫಲದಾಯಕವಾದ ಭಾಗ ಇದು. 1859ರಲ್ಲಿ ಹುಟ್ಟಿದ ‘ಮ್ಯಾಕ್‌ಮಿಲನ್ಸ್’ ಮಾಸಿಕ ಮತ್ತು 1865ರಲ್ಲಿ ಹುಟ್ಟಿದ ‘ಫೋರ್ಟ್‌ನೈಟ್ಲಿ ರಿವ್ಯೂ’ ಲೇಖಕರ ಹೆಸರನ್ನು ಅಚ್ಚುಮಾಡುವ ಪದ್ಧತಿಗೆ ಬಲ ಕೊಟ್ಟವು. ಅದಕ್ಕೆ ಮುಂಚಿನ ರೂಢಿ ಅನಾಮಿಕತೆ. ಮಾಸಿಕ, ತ್ರೈಮಾಸಿಕಗಳಿಗೆ ಸಂಬಂಧಿಸಿದಂತೆ 1966ರಿಂದ 1989ರ ನಡುವೆ ಐದು ಸಂಪುಟಗಳಲ್ಲಿ ಪ್ರಕಟವಾದ ‘ವೆಲ್‌ಸ್ಲಿ ಇಂಡೆಕ್ಸ್’ ಮೊದಲು ನೋಡಬೇಕಾದ ಆಕರ. ಪ್ರಕಾಶಕರ ಲೆಕ್ಕದ ಪುಸ್ತಕಗಳು, ಪತ್ರಗಳು, ಲೇಖಕರೇ ಬಳಿಕ ತಂದ ಸಂಕಲನಗಳು ಇವುಗಳ ಆಧಾರದಿಂದ ಒಂದೊಂದು ಲೇಖನದ ಕರ್ತೃ ಯಾರೆಂದು ಅದು ಹೇಳುತ್ತದೆ, ಯಾವ ಆಧಾರದ ಮೇಲೆ ಹೇಳುತ್ತಿದೆ ಎಂಬುದನ್ನೂ ನಮೂದಿಸುತ್ತದೆ. ಆ ಆಧಾರವನ್ನು ಓದದೆ ಹೆಸರನ್ನಷ್ಟೇ ಎತ್ತಿಕೊಳ್ಳಬಾರದು. ವಾರಪತ್ರಿಕೆಗಳು ಆ ಸೂಚಿಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ‘ಸ್ಯಾಟರ್ಡೇ ರಿವ್ಯೂ’ನಂಥವುಗಳಿಗೆ ಪತ್ರವ್ಯವಹಾರವನ್ನೇ ನೆಚ್ಚಬೇಕು. ಶೈಲಿಯ ಹೋಲಿಕೆಯೊಂದರ ಮೇಲೆಯೇ ಇದು ಇಂಥವನ ಬರಹ ಎಂದು ತೀರ್ಮಾನಿಸುವುದು ಅಪಾಯಕರ, ಏಕೆಂದರೆ ಪತ್ರಿಕೆಗಳಿಗೂ ಒಂದೊಂದು ಧಾಟಿ ಇರುತ್ತಿತ್ತು, ಅಲ್ಲಿ ಬರೆಯುವವರು ಅದಕ್ಕೆ ಹೊಂದಿಕೊಳ್ಳುತ್ತಿದ್ದರು.

ಫ್ರೂಡ್ ತನ್ನ ಲೇಖನಗಳನ್ನು ಆಯ್ದು 1867ರಿಂದ 1883ರವರೆಗೆ ‘ಷಾರ್ಟ್ ಸ್ಟಡೀಸ್ ಆನ್ ಗ್ರೇಟ್ ಸಬ್ಜೆಕ್ಟ್ಸ್’ ಎಂಬ ನಾಲ್ಕು ಸರಣಿಗಳಲ್ಲಿ ಪ್ರಕಟಿಸಿದ್ದರಿಂದ ನಮ್ಮ ಶ್ರಮ ಸ್ವಲ್ಪ ಕಡಿಮೆಯಾಗುತ್ತದೆ. ಆದರೂ ಪತ್ರಿಕೆಯಲ್ಲಿ ಅಚ್ಚಾದ ರೂಪವನ್ನು ಎದುರಿಗಿಟ್ಟುಕೊಂಡೇ ಪುಸ್ತಕದ ರೂಪವನ್ನು ಓದಬೇಕು. ಬಿಟ್ಟ ಸಾಲುಗಳು, ತಗ್ಗಿಸಿದ ದನಿ, ಸೇರಿಸಿದ ಟಿಪ್ಪಣಿ ಇವು ಅವನ ಅಭಿಪ್ರಾಯ ಎಲ್ಲಿ ಬದಲಾಯಿತು ಎಂಬುದನ್ನು ತೋರಿಸುತ್ತವೆ. ಎಲಿಜಬೆತ್ ಕಾಲದ ನಾವಿಕರನ್ನು ಕುರಿತು 1852ರಲ್ಲಿ ‘ವೆಸ್ಟ್‌ಮಿನ್‌ಸ್ಟರ್ ರಿವ್ಯೂ’ಗೆ ಅವನು ಬರೆದ ‘ಇಂಗ್ಲೆಂಡ್ಸ್ ಫರ್ಗಾಟನ್ ವರ್ದೀಸ್’ ಎಂಬ ಲೇಖನವನ್ನು ವಿಶೇಷವಾಗಿ ಗಮನಿಸಬೇಕು. ಇತಿಹಾಸದ ಮೊದಲ ಸಂಪುಟಗಳಿಗಿಂತ ನಾಲ್ಕು ವರ್ಷ ಮುಂಚೆಯೇ ಆ ಬೃಹತ್ ಕೃತಿಯ ಮನೋಭಾವ ಅಲ್ಲಿ ಮೊಳೆತಿರುವುದನ್ನು ಕಾಣಬಹುದು.

ಸಂಪಾದಕನ ಬದುಕನ್ನು ಬರೆಯುವಾಗ ಅವನು ಬರೆದದ್ದರಷ್ಟೇ ಅವನು ಅಚ್ಚಿಗೆ ಬಿಟ್ಟದ್ದು, ತಡೆದದ್ದು ಮುಖ್ಯ. ಆ ಕಾಲದ ಪತ್ರಿಕೋದ್ಯಮದ ಹಿನ್ನೆಲೆ ಇಲ್ಲಿ ಬೇಕಾಗುತ್ತದೆ. ಜಾಹೀರಾತಿನ ಮೇಲಿನ ಸುಂಕ 1853ರಲ್ಲಿ, ವೃತ್ತಪತ್ರಿಕೆಗಳ ಮುದ್ರೆಯ ತೆರಿಗೆ 1855ರಲ್ಲಿ, ಕಾಗದದ ಸುಂಕ 1861ರಲ್ಲಿ ರದ್ದಾದವು. ಓದುಗರು ಹೆಚ್ಚಿದರು, ಬೆಲೆ ಇಳಿಯಿತು. 1860ರ ಜನವರಿಯಲ್ಲಿ ಒಂದು ಷಿಲಿಂಗಿನ ‘ಕಾರ್ನ್‌ಹಿಲ್’ ಮಾಸಿಕ ಹುಟ್ಟಿ ಲಕ್ಷಕ್ಕೂ ಮೀರಿ ಮಾರಾಟವಾಯಿತು. 1830ರಲ್ಲಿ ಆರಂಭವಾಗಿ ಹಳೆಯ ಮಾದರಿಯಲ್ಲೇ ನಡೆದುಬಂದಿದ್ದ ಫ್ರೇಸರ್ಸ್ ಪತ್ರಿಕೆಯನ್ನು ಫ್ರೂಡ್ ಕೈಗೆತ್ತಿಕೊಂಡದ್ದು ಅದೇ ವರ್ಷದ ಕೊನೆಯಲ್ಲಿ. ಕಲಾವಿಮರ್ಶಕ ಜಾನ್ ರಸ್ಕಿನ್‌ನ ಅರ್ಥಶಾಸ್ತ್ರದ ಲೇಖನಗಳನ್ನು ಕಾರ್ನ್‌ಹಿಲ್ ಅರ್ಧಕ್ಕೆ ನಿಲ್ಲಿಸಿದ ಮೇಲೆ, 1862ರಲ್ಲಿ ಅದೇ ರಸ್ಕಿನ್‌ನ ಹೊಸ ಲೇಖನಮಾಲೆಗೆ ಫ್ರೂಡ್ ಜಾಗ ಕೊಟ್ಟ. 1863ರಲ್ಲಿ ಪ್ರಕಾಶಕರ ಅಡ್ಡಿಯಿಂದ ಅದೂ ನಿಂತಿತು. ಸಂಪಾದಕನ ಧೈರ್ಯ ಎಲ್ಲಿಯವರೆಗೆ, ಪ್ರಕಾಶಕನ ಅಧಿಕಾರ ಎಲ್ಲಿಂದ ಎಂಬುದನ್ನು ಇಂಥ ಒಂದು ಪ್ರಸಂಗ ಹೇಳಿಕೊಡುತ್ತದೆ. ಅವನಿಗೆ ಸಹಾಯಕನಾಗಿದ್ದು 1874ರಲ್ಲಿ ಅವನ ಸ್ಥಾನಕ್ಕೆ ಬಂದ ಕವಿ ವಿಲಿಯಂ ಆಲಿಂಗ್‌ಹ್ಯಾಮನ ದಿನಚರಿ ಅಚ್ಚಾಗಿದೆ. ಪತ್ರಿಕೆಯ ಒಳಗಿನ ನೋಟಕ್ಕೆ ಅದನ್ನು ಓದಲೇಬೇಕು.

ಅವನ ಇತಿಹಾಸವನ್ನು ಪರೀಕ್ಷಿಸುವ ಬಗೆ

ಹನ್ನೆರಡು ಸಂಪುಟಗಳನ್ನು ಪೂರ್ತಿ ಪರಿಶೀಲಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ, ಆಗಬೇಕಾಗಿಯೂ ಇಲ್ಲ. ಮೊದಲು ಮೊದಲ ಮುದ್ರಣಗಳ ಮುಖಪುಟದ ಬರಹವನ್ನು ನೋಡಿ. ಕೃತಿ ಆರಂಭವಾದಾಗ ಅದರ ಹೆಸರು ವೂಲ್ಸಿಯ (ಎಂಟನೆಯ ಹೆನ್ರಿಯ ಮಂತ್ರಿ) ಪತನದಿಂದ ಎಲಿಜಬೆತ್‌ಳ ಮರಣದವರೆಗಿನ ಇತಿಹಾಸ ಎಂದಿತ್ತು; 1870ರಲ್ಲಿ ಮುಗಿಯುವಾಗ ಅದು ಸ್ಪೇನಿನ ನೌಕಾಪಡೆಯ ಸೋಲಿನವರೆಗಿನ ಇತಿಹಾಸವಾಯಿತು. 1603ಕ್ಕೆ ಬದಲು 1588ಕ್ಕೇ ನಿಂತ ಈ ತೀರ್ಮಾನ ಸಣ್ಣದಲ್ಲ. ಫ್ರೂಡ್‌ಗೆ ಈ ಇಡೀ ಕಥೆ ರೋಮಿನ ಪೋಪನ ಹಿಡಿತದಿಂದ ಬಿಡಿಸಿಕೊಂಡ ಇಂಗ್ಲೆಂಡಿನ ಕಥೆಯಾಗಿತ್ತು, ಆರ್ಮಡಾ ಎಂಬ ಆ ನೌಕಾಪಡೆ ಸೋತ ಮೇಲೆ ಅದು ಅವನ ದೃಷ್ಟಿಯಲ್ಲಿ ಮುಗಿದುಹೋಗಿತ್ತು.

ಅನಂತರ ಯಾವುದಾದರೂ ಎರಡು ಪುಟಗಳನ್ನು ಆರಿಸಿಕೊಂಡು, ಅಡಿಟಿಪ್ಪಣಿಯಲ್ಲಿ ಹೇಳಿದ ಪ್ರತಿ ದಾಖಲೆಯನ್ನೂ ಹಿಡಿದು ಹೋಗಬೇಕು. ಎಂಟನೆಯ ಹೆನ್ರಿಯ ಕಾಲದ ರಾಜ್ಯಪತ್ರಗಳ ಸಾರಸೂಚಿ 1862ರಿಂದ ಅಚ್ಚಾಗುತ್ತ ಬಂತು. ಇಂದು ಅದನ್ನು ಅಂತರಜಾಲದಲ್ಲೇ ಓದಬಹುದಾದ್ದರಿಂದ ಲಂಡನ್ನಿಗೆ ಹೋಗದೆಯೂ ಈ ಪರೀಕ್ಷೆ ಸಾಧ್ಯ. ಫ್ರೂಡ್‌ನ ದೊಡ್ಡ ದೋಷ ಅಲ್ಲಿ ಕಣ್ಣಿಗೆ ಬೀಳುತ್ತದೆ. ದಾಖಲೆಯನ್ನು ತನ್ನ ಮಾತಿನಲ್ಲಿ ಸಂಗ್ರಹಿಸಿ, ಆ ಸಂಗ್ರಹವನ್ನೇ ಉದ್ಧರಣ ಚಿಹ್ನೆಗಳ ನಡುವೆ ಇಡುವ ಅಭ್ಯಾಸ ಅವನಿಗಿತ್ತು. ಇದನ್ನು ಮುಚ್ಚಿಡಬಾರದು. ಅದೇ ಹೊತ್ತಿಗೆ, ಸ್ಪೇನಿನ ವಯ್ಯಡೋಲಿಡ್ ಸಮೀಪದ ಸಿಮಾಂಕಸ್ ಪತ್ರಾಗಾರದಲ್ಲಿ ಕುಳಿತು, ಹದಿನಾರನೆಯ ಶತಮಾನದ ಕ್ಲಿಷ್ಟ ಲಿಪಿಯಲ್ಲಿದ್ದ ರಾಯಭಾರಿಗಳ ಪತ್ರಗಳನ್ನು ನಕಲು ಮಾಡಿಕೊಂಡು ಬಂದ ಇಂಗ್ಲಿಷ್ ಇತಿಹಾಸಕಾರರಲ್ಲಿ ಅವನು ಮೊದಮೊದಲಿನವನು ಎಂಬುದನ್ನೂ ಹೇಳಬೇಕು. ಪರಿಶ್ರಮವೂ ಅಜಾಗರೂಕತೆಯೂ ಒಬ್ಬನಲ್ಲೇ ಇರಬಲ್ಲವು; ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟ ಜೀವನಚರಿತ್ರೆಯನ್ನು ನಾನು ಒಪ್ಪಲಾರೆ.

ವಿರೋಧಿಗಳ ಮಾತನ್ನು ತೂಗುವುದು

ಫ್ರೂಡ್‌ನ ಸಂಪುಟಗಳನ್ನು ‘ಸ್ಯಾಟರ್ಡೇ ರಿವ್ಯೂ’ದಲ್ಲಿ ಹೆಸರಿಲ್ಲದೆ ಖಂಡಿಸುತ್ತ ಬಂದವನು ಎಡ್ವರ್ಡ್ ಫ್ರೀಮನ್, 1066ರ ನಾರ್ಮನ್ ವಿಜಯದ ಇತಿಹಾಸಕಾರ. ಫ್ರೂಡ್ 1877ರಲ್ಲಿ ಹನ್ನೆರಡನೆಯ ಶತಮಾನದ ಆರ್ಚ್‌ಬಿಷಪ್ ತಾಮಸ್ ಬೆಕೆಟ್‌ನ ಮೇಲೆ ‘ನೈನ್ಟೀನ್ತ್ ಸೆಂಚುರಿ’ಯಲ್ಲಿ ಲೇಖನಮಾಲೆ ಬರೆದಾಗ ಫ್ರೀಮನ್ ‘ಕಾಂಟೆಂಪರರಿ ರಿವ್ಯೂ’ದಲ್ಲಿ ಹೆಸರು ಹಾಕಿಯೇ ಮೇಲೆ ಬಿದ್ದ, ಫ್ರೂಡ್ 1879ರಲ್ಲಿ ಉತ್ತರ ಕೊಟ್ಟ. ಇಂಥ ಜಗಳವನ್ನು ಬರೆಯುವಾಗ ಆರೋಪ, ಉತ್ತರ, ದಾಖಲೆ ಮೂರನ್ನೂ ಬೇರೆ ಬೇರೆ ಬರೆದುಕೊಂಡು ಒಂದೊಂದು ಆರೋಪವನ್ನೂ ಪ್ರತ್ಯೇಕವಾಗಿ ತೀರ್ಮಾನಿಸಬೇಕು.

ಇದು ಏಕೆ ಅಗತ್ಯ ಎಂಬುದಕ್ಕೆ ಅಡಿಲೇಡಿನ ಪ್ರಕರಣಕ್ಕಿಂತ ಉತ್ತಮ ಉದಾಹರಣೆ ನನಗೆ ತಿಳಿದಿಲ್ಲ. 1886ರ ತನ್ನ ಪ್ರವಾಸಕಥನ ‘ಓಷಿಯಾನಾ’ದಲ್ಲಿ ಫ್ರೂಡ್ ಆಸ್ಟ್ರೇಲಿಯಾದ ಅಡಿಲೇಡನ್ನು, ನದಿ ಹರಿಯುವ ತಗ್ಗಿನಲ್ಲಿ ನೆಲೆಸಿದ ಒಂದೂವರೆ ಲಕ್ಷ ಜನರ ನಗರವೆಂದು ವರ್ಣಿಸಿದ್ದ. 1898ರಲ್ಲಿ ಲಾಂಗ್ಲ್ವಾ ಮತ್ತು ಸೇನ್ಯೊಬೊಸ್ ಎಂಬ ಇಬ್ಬರು ಫ್ರೆಂಚ್ ವಿದ್ವಾಂಸರು ಇತಿಹಾಸ ಸಂಶೋಧನೆಯ ತಮ್ಮ ಕೈಪಿಡಿಯಲ್ಲಿ, ಆ ನಗರ ಎತ್ತರದ ನೆಲದ ಮೇಲಿದೆ, ಅಲ್ಲಿ ನದಿಯೇ ಇಲ್ಲ, ಜನಸಂಖ್ಯೆ ಎಪ್ಪತ್ತೈದು ಸಾವಿರವನ್ನು ಮೀರಿರಲಿಲ್ಲ ಎಂದು ಹೇಳಿ, ತಪ್ಪು ಬರೆಯುವ ಚಟಕ್ಕೆ ‘ಫ್ರೂಡ್‌ನ ರೋಗ’ ಎಂದು ಹೆಸರನ್ನೇ ಇಟ್ಟರು. ಆದರೆ ಅಡಿಲೇಡಿನಲ್ಲಿ ಟಾರೆನ್ಸ್ ನದಿ ಇದೆ. ನಗರದ ಮುಖ್ಯ ಭಾಗಕ್ಕೂ ಉತ್ತರ ಅಡಿಲೇಡಿಗೂ ನಡುವೆ ಹರಿಯುತ್ತದೆ. ಲಾಫ್ಟಿ ಬೆಟ್ಟಗಳಿಂದ ನೋಡುವವನಿಗೆ ನಗರ ಕೆಳಗಿನ ಬಯಲಲ್ಲಿ ಕಾಣುತ್ತದೆ. ನಿಷ್ಕೃಷ್ಟತೆಯನ್ನು ಬೋಧಿಸುವ ಪುಸ್ತಕವೇ ಬೇರೆಯವರ ಮಾತನ್ನು ನಂಬಿ ತಪ್ಪು ಬರೆದಿತ್ತು. ಅದನ್ನು ಓದಿದ ತಲೆಮಾರುಗಳು ಭೂಪಟವನ್ನು ಬಿಚ್ಚಿ ನೋಡದೆ ಆ ಆರೋಪವನ್ನು ಮುಂದಕ್ಕೆ ಸಾಗಿಸಿದವು.

ಎಲ್ಲ ಟೀಕೆಗಳೂ ಹೀಗೆ ಬಿದ್ದುಹೋಗುವುದಿಲ್ಲ. ಹದಿನೆಂಟನೆಯ ಶತಮಾನದ ಐರ್ಲೆಂಡನ್ನು ಕುರಿತ ಅವನ ಮೂರು ಸಂಪುಟಗಳಲ್ಲಿ (1872–74) ಐರಿಷ್ ಜನರ ಬಗೆಗಿನ ತಿರಸ್ಕಾರ ಸ್ಪಷ್ಟವಾಗಿದೆ. ಅದಕ್ಕೆ ಲೆಕ್ಕಿ ಎಂಬ ಇತಿಹಾಸಕಾರ ಕೊಟ್ಟ ಉತ್ತರ ದಾಖಲೆಗಳ ಮೇಲೆ ನಿಂತದ್ದು. 1888ರಲ್ಲಿ ವೆಸ್ಟ್ ಇಂಡೀಸ್ ಕುರಿತು ಫ್ರೂಡ್ ಬರೆದ ಪುಸ್ತಕದಲ್ಲಿ ಕಪ್ಪು ಜನರು ಸ್ವಂತ ಆಡಳಿತಕ್ಕೆ ಅರ್ಹರಲ್ಲ ಎಂಬ ವಾದವಿದೆ. ಟ್ರಿನಿಡಾಡಿನ ಉಪಾಧ್ಯಾಯ, ಕ್ರಿಯೋಲ್ ಭಾಷೆಗೆ 1869ರಲ್ಲೇ ವ್ಯಾಕರಣ ಬರೆದಿದ್ದ ಜಾನ್ ಜೇಕಬ್ ತಾಮಸ್ 1889ರಲ್ಲಿ ‘ಫ್ರೂಡಾಸಿಟಿ’ ಎಂಬ ಪುಸ್ತಕದಲ್ಲಿ ಅದಕ್ಕೆ ಉತ್ತರಿಸಿ, ಅವಸರದ ಪ್ರವಾಸದಲ್ಲಿ ಬಿಳಿಯರ ಮಾತುಗಳನ್ನಷ್ಟೇ ಕೇಳಿ ಬರೆದ ತೀರ್ಪು ಇದೆಂದು ತೋರಿಸಿಕೊಟ್ಟ. ಆ ಕಾಲದವರೆಲ್ಲ ಹಾಗೆಯೇ ಯೋಚಿಸುತ್ತಿದ್ದರು ಎಂಬ ಸಮಜಾಯಿಷಿ ಇಲ್ಲಿ ನಿಲ್ಲದು, ಏಕೆಂದರೆ ತಾಮಸ್ ಕೂಡ ಆ ಕಾಲದವನೇ. ಇಂಥ ಉತ್ತರಗಳಿಗೆ ಅಡಿಟಿಪ್ಪಣಿಯಲ್ಲಲ್ಲ, ಕಥನದ ನಡುವೆಯೇ ಜಾಗ ಸಿಗಬೇಕು.

ಪತ್ರಗಳು ಮತ್ತು ಬರವಣಿಗೆಯ ಕೊನೆ

ಫ್ರೂಡ್ ಗುರುವೆಂದು ಭಾವಿಸಿದ್ದ ಲೇಖಕ ತಾಮಸ್ ಕಾರ್ಲೈಲ್ 1881ರ ಫೆಬ್ರವರಿಯಲ್ಲಿ ತೀರಿಕೊಂಡ ಕೆಲವೇ ವಾರಗಳಲ್ಲಿ ಫ್ರೂಡ್ ಅವನ ಸ್ಮರಣೆಗಳನ್ನೂ, 1882 ಮತ್ತು 1884ರಲ್ಲಿ ನಾಲ್ಕು ಸಂಪುಟಗಳ ಜೀವನಚರಿತ್ರೆಯನ್ನೂ ಪ್ರಕಟಿಸಿದ. ಪತ್ನಿ ಜೇನ್‌ಳ ವಿಷಯದಲ್ಲಿ ಕಾರ್ಲೈಲ್ ತೋರಿದ ಅನಾದರವನ್ನು ಮುಚ್ಚಿಡದೆ ಬರೆದದ್ದಕ್ಕೆ ಕುಟುಂಬದವರೂ ಅಭಿಮಾನಿಗಳೂ ಸಿಟ್ಟಾದರು. ನಕಲಿನ ತಪ್ಪುಗಳ ಕಾರಣ ಅಮೆರಿಕದ ವಿದ್ವಾಂಸ ಚಾರ್ಲ್ಸ್ ಎಲಿಯಟ್ ನಾರ್ಟನ್ 1887ರಲ್ಲಿ ಆ ಸ್ಮರಣೆಗಳನ್ನು ಮತ್ತೆ ಸಂಪಾದಿಸಿದ. ಈ ಪ್ರಸಂಗವನ್ನು ಬರೆಯುವವರು ಫ್ರೂಡ್‌ನ ತೀರ್ಪನ್ನೂ ಅವನ ನಕಲಿನ ತಪ್ಪುಗಳನ್ನೂ ಕಲಸಿಬಿಡಬಾರದು. ಅಕ್ಷರ ತಪ್ಪಿದ ಮಾತ್ರಕ್ಕೆ ಅಭಿಪ್ರಾಯ ಸುಳ್ಳಾಗುವುದಿಲ್ಲ. ತನ್ನ ಸ್ವಂತ ಕಾಗದಪತ್ರಗಳನ್ನು ನಾಶಮಾಡಬೇಕೆಂದು ಫ್ರೂಡ್ ಬಯಸಿದ್ದರಿಂದ ಅವನು ಇತರರಿಗೆ ಬರೆದ ಪತ್ರಗಳನ್ನು ಆ ಇತರರ ಸಂಗ್ರಹಗಳಲ್ಲೇ ಹುಡುಕಬೇಕಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಎರಡು ಸಣ್ಣ ಮಾತು. ಅವನ ಹೆಸರಿನ ಉಚ್ಚಾರ ‘ಫ್ರೂಡ್’ ಎಂದೇ. ‘ಫ್ರೌಡ್’ ಎಂದು ಬರೆದರೆ ತಪ್ಪು. ‘ಫೆಲೋ’, ‘ಡೀಕನ್’ ಮೊದಲಾದ ಪದಗಳನ್ನು ಸಂಸ್ಕೃತಕ್ಕೆ ತಿರುಗಿಸುವ ಬದಲು ಹಾಗೆಯೇ ಇಟ್ಟು, ಮೊದಲ ಬಾರಿ ಬಂದಾಗ ಒಂದು ವಾಕ್ಯದಲ್ಲಿ ವಿವರಿಸಿದರೆ ಸಾಕು.

ಕೊನೆಯ ಅಧ್ಯಾಯವನ್ನು ಸಾವಿನ ದಿನಾಂಕಕ್ಕೆ ಮುಗಿಸಬೇಡಿ. 1892ರಲ್ಲಿ ಫ್ರೀಮನ್ ಸತ್ತ ಬಳಿಕ ಆಕ್ಸ್‌ಫರ್ಡಿನ ಆಧುನಿಕ ಇತಿಹಾಸದ ರೀಜಿಯಸ್ (ರಾಜಮನೆತನದಿಂದ ನೇಮಕವಾಗುವ) ಪ್ರಾಧ್ಯಾಪಕನಾಗಿ ಅವನ ಸ್ಥಾನಕ್ಕೆ ಬಂದವನು ಫ್ರೂಡ್. ನಲವತ್ತಮೂರು ವರ್ಷಗಳ ಹಿಂದೆ ಬಿಟ್ಟುಹೋಗಬೇಕಾದ ಊರಿಗೆ ಎಪ್ಪತ್ತನಾಲ್ಕರ ವಯಸ್ಸಿನಲ್ಲಿ ಮರಳಿದ. 1894ರ ಅಕ್ಟೋಬರ್ 20ರಂದು ಡೆವನ್ನಿನ ಸಾಲ್ಕೂಮ್‌ನಲ್ಲಿ ತೀರಿಕೊಂಡ. ಕಾಲಪಟ್ಟಿಯನ್ನು ಅಲ್ಲಿಂದ ಮುಂದಕ್ಕೂ ಎಳೆದರೆ 1903ರ ಸಾಲಿಗೆ ಕಾರ್ಲೈಲ್ ವಿವಾದದ ಬಗ್ಗೆ ಅವನು ಬರೆದಿಟ್ಟಿದ್ದ, ಮಕ್ಕಳು ಪ್ರಕಟಿಸಿದ ಸಮಜಾಯಿಷಿ ಬರುತ್ತದೆ. 1895ರ ಸಾಲಿಗೆ ಬರುವುದು ಅವನ ಕೊನೆಯ ಆಕ್ಸ್‌ಫರ್ಡ್ ಉಪನ್ಯಾಸಗಳ ಒಂದು ಪುಸ್ತಕ. ಅದರ ವಿಷಯ ಹದಿನಾರನೆಯ ಶತಮಾನದ ಇಂಗ್ಲಿಷ್ ನಾವಿಕರು. ಅದನ್ನು 1852ರ ಆ ಅನಾಮಿಕ ಲೇಖನದ ಪಕ್ಕದಲ್ಲಿಟ್ಟು ಓದಿ, ಆಮೇಲೆ ಕೊನೆಯ ಅಧ್ಯಾಯಕ್ಕೆ ಕೈಹಾಕಿ.